ಹನ್ನೆರಡು ಡಬ್ಬಿ, ಒಂದು ಒದ್ದೆ ಬಟ್ಟೆ

ಕೇಳಿ ಸ್ವಾಮಿ, ಇಡೀ ಕೋಲಾರ ಜಿಲ್ಲೆಯಲ್ಲಿ ಸಾವಿರ ವೋಲ್ಟಿನ ಎದುರು ಎದೆಯೊಡ್ಡಿ ನಿಂತ ಗಂಡು ಒಬ್ಬನೇ. ಹೆಸರು ಕದಿರೇಶ, ವಯಸ್ಸು ಹತ್ತೊಂಬತ್ತು, ಊರು ತಾಯಲೂರು. ಒಡಹುಟ್ಟಿದ ಅಕ್ಕನ ಕೈಗೂ ಸಾವಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಉಳಿದಿದ್ದಾಗ ಅಂಗಳ ದಾಟಿ ಹಾರಿ ಬಂದು ಅವಳನ್ನು ಉಳಿಸಿದ ಭೂಪ. ಟೆಂಟಿನಲ್ಲಿ ನೀವು ಶಿಳ್ಳೆ ಹೊಡೆಯುವ ಹೀರೋಗಳೆಲ್ಲ ಅವನ ಹತ್ತಿರ ಬಂದು ಕಲಿಯಬೇಕು.

ಅದು ಎಂಬತ್ತೈದನೆಯ ಇಸವಿ. ಕೋಲಾರದಿಂದ ವೇಮಗಲ್ಲಿಗೆ ಹೋಗುವ ರಸ್ತೆಯಲ್ಲಿ ಕದಿರೇಶನ ಭಾವ ಅಶ್ವತ್ಥಪ್ಪನ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಕಸುಬು. ಅಂಗಡಿಯ ಹಿಂದೆಯೇ ಮನೆ. ಎಸೆಸೆಲ್ಸಿ ಮೂರು ಸಲ ಡುಮ್ಕಿ ಹೊಡೆದ ತಮ್ಮನನ್ನು ಅಕ್ಕ ಅನಸೂಯಮ್ಮ ಗಂಡನಿಗೆ ಹೇಳಿ ಅಲ್ಲಿಗೆ ಸೇರಿಸಿದ್ದಳು. "ಇನ್ನೊಂದ್ ಸಲ ತರಲೆ ಮಾಡಿದ್ರೆ ಸೀದಾ ತಾಯಲೂರು ಬಸ್ಸು" ಎಂದು ಭಾವ ಹೇಳಿಯಾಗಿತ್ತು.

ಆ ವರ್ಷ ಅಶ್ವತ್ಥಪ್ಪ ಒಂದು ಹೊಸ ಹುಚ್ಚು ಹಿಡಿಸಿಕೊಂಡಿದ್ದ. ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ, ಅದರೊಳಗೆ ನೇಗಿಲ ಗುಳ ಇಟ್ಟು ಸ್ವಿಚ್ ಹಾಕಿದರೆ ಇದ್ದಲಿಲ್ಲದೆ, ತಿದಿಯಿಲ್ಲದೆ ಗುಳ ಕೆಂಪಗೆ ಕಾಯಬೇಕು. ಇಂಡಕ್ಷನ್ ಹೀಟರ್. ಸುರುಳಿಯ ಪಕ್ಕಕ್ಕೆ ಕರೆಂಟು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಬೇಕು. ಮೊದಲು ಪಂಪ್‌ಸೆಟ್ಟಿನವನ್ನೇ ಹಾಕಿ ನೋಡಿದ. ಐದು ನಿಮಿಷಕ್ಕೆ ಅವು ಊದಿಕೊಂಡು ಸಿಡಿದು, ಕುದಿಯುವ ಎಣ್ಣೆ ಸೂರಿನವರೆಗೆ ಹಾರಿತು. ಆಮೇಲೆ ಬೆಂಗಳೂರಿನ ಗುಜರಿಯಿಂದ ದೊಡ್ಡ ಕೆಪಾಸಿಟರುಗಳನ್ನೇ ತಂದ, ಹನ್ನೆರಡು ಡಬ್ಬಿ. ಒಂದೊಂದೂ ಟಿಫಿನ್ ಕ್ಯಾರಿಯರಿನಷ್ಟು ದಪ್ಪ, ನೆತ್ತಿಯ ಮೇಲೆ ಎರಡು ಪಿಂಗಾಣಿ ಮೊಗ್ಗು, ಮೊಗ್ಗಿನ ತುದಿಯಲ್ಲಿ ಹಿತ್ತಾಳೆ ಬೋಲ್ಟು. ಎಲ್ಲವೂ ಒಂದೇ ಅಚ್ಚಿನವು.

ಅವತ್ತು ಬೆಳಿಗ್ಗೆ ಅಶ್ವತ್ಥಪ್ಪ ಹನ್ನೆರಡಕ್ಕೂ ತಂತಿ ಮುಟ್ಟಿಸಿ, ಒಳಗೆ ಕರೆಂಟು ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಪೇಟೆಗೆ ಹೋದ. ಕದಿರೇಶನ ಕೈ ಸುಮ್ಮನಿರಲಿಲ್ಲ. ಪಕ್ಕದ ಸೈಕಲ್ ಶಾಪಿನ ಕೊಂಡಪ್ಪನಿಗೆ ಒಂದು ಚಾಳಿ. ಅಂಗಡಿಗೆ ಬಂದರೆ ಮೇಜಿನ ಮೇಲೆ ಇದ್ದದ್ದನ್ನೆಲ್ಲ ಎತ್ತಿ ನೋಡದೆ ಬಿಡ. ಅವನನ್ನು ಕುಣಿಸೋಣವೆಂದು ಕದಿರೇಶ ಮೆಗ್ಗರ್ ತೆಗೆದ. ಮೋಟರಿನ ತಂತಿ ಎಲ್ಲಾದರೂ ಅದರ ಕಬ್ಬಿಣದ ಮೈಗೆ ತಗುಲಿದೆಯೇ ಎಂದು ಪರೀಕ್ಷಿಸುವ ಪೆಟ್ಟಿಗೆ ಅದು. ಹಿಡಿ ತಿರುಗಿಸಿದರೆ ಸಾವಿರ ವೋಲ್ಟು ಬರುತ್ತದೆ. ಒಂದು ಡಬ್ಬಿಗೆ ಅದರ ತಂತಿ ಸಿಕ್ಕಿಸಿ ಎರಡು ನಿಮಿಷ ತಿರುಗಿಸಿ, ಡಬ್ಬಿಯನ್ನು ಮೇಜಿನ ತುದಿಯಲ್ಲಿಟ್ಟ. ಕೊಂಡಪ್ಪ ಬರುವುದು ಕಾಣದೆ, ಅದನ್ನು ಅಲ್ಲೇ ಬಿಟ್ಟು ಟೀ ಕುಡಿಯಲು ಹೋದ. ಪಂಪ್‌ಸೆಟ್ ಡಬ್ಬಿಗಳ ಅಭ್ಯಾಸ ಅವನಿಗೆ. ಅವುಗಳಲ್ಲಿ ತುಂಬಿದ ಕರೆಂಟು ಒಂದು ನಿಮಿಷದಲ್ಲಿ ತಾನೇ ಇಳಿದುಹೋಗುತ್ತದೆ, ಇದೂ ಹಾಗೇ ಅಂದುಕೊಂಡ.

ತಿರುಗಿ ಬಂದಾಗ ಮೇಜು ಖಾಲಿ. ಪೇಟೆಯಿಂದ ಬಂದ ಭಾವ ಹನ್ನೆರಡನ್ನೂ ಮಂಕರಿಗೆ ತುಂಬಿ ಹಿತ್ತಲಿನ ಅಂಗಳಕ್ಕೆ ಒಯ್ದಿದ್ದ. ಅನಸೂಯಮ್ಮ ಸೋಡಾಪುಡಿ ನೀರಿನಲ್ಲಿ ಬಟ್ಟೆ ಅದ್ದಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತಿದ್ದಳು.

"ಮೊಗ್ಗಿನ ಬುಡದಲ್ಲಿ ಚೆನ್ನಾಗಿ ಉಜ್ಜು ಅನಸೂಯ. ಎಣ್ಣೆ ಜಿನುಗಿದ್ರೆ ಅದು ಆಚೆಗೆ" ಎಂದ ಅಶ್ವತ್ಥಪ್ಪ. ಒರೆಸಿದ್ದನ್ನು ಮೂಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳ್ಳೆಯದನ್ನು ಗೋಡೆಯ ಪಕ್ಕ ಸಾಲಾಗಿ ಇಡುತ್ತಿದ್ದ.

ಎರಡು ಮುಗಿದು ಮೂರನೆಯದು ಮಡಿಲಲ್ಲಿತ್ತು. ಕದಿರೇಶ ಕಂಬಕ್ಕೆ ಒರಗಿ, ಏನೂ ಅರಿಯದವನ ಹಾಗೆ ಕೇಳಿದ. "ಭಾವ, ಇವೂ ನಮ್ಮ ಪಂಪ್‌ಸೆಟ್ ಡಬ್ಬಿ ಥರಾನೇ ಅಲ್ವಾ?"

"ಎಲ್ಲಿ ಬಂತು. ಅವುಕ್ಕೆ ಕರೆಂಟ್ ಇಳಿಸೋಕೆ ಒಳಗೆ ರೆಸಿಸ್ಟೆನ್ಸ್ ಇರುತ್ತೆ. ಇವುಕ್ಕಿಲ್ಲ. ತುಂಬ್ಕೊಂಡ್ರೆ ನಾಳೆ ಹೊತ್ತಾರೆವರ್ಗೂ ಹಂಗೇ ಕೂತಿರುತ್ತೆ. ಒದ್ದೆ ಕೈಲಿ ಮುಟ್ಟಿದೋನು ಎದ್ದೇಳಲ್ಲ. ಅದಕ್ಕೇ ಬೆಳಿಗ್ಗೇನೇ ಎಲ್ಲಾ ಖಾಲಿ ಮಾಡಿಟ್ಟೆ."

ಕದಿರೇಶ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡ. ಅಕ್ಕನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳ ಹೆಬ್ಬೆರಳು ಒಂದು ಬೋಲ್ಟಿನ ಮೇಲೆ, ನಡುಬೆರಳು ಇನ್ನೊಂದರ ಮೇಲೆ. ಏನೂ ಆಗಲಿಲ್ಲ. ನಾಲ್ಕನೆಯದನ್ನು ಎತ್ತಿಕೊಂಡಳು.

"ಅಕ್ಕಾ" ಎಂದ. ಹೆದರಿದಾಗಲೂ ಅವನ ನಾಲಿಗೆಗೆ ಗೊತ್ತಿದ್ದದ್ದು ಒಂದೇ ದಾರಿ, ಸಿನಿಮಾ ಡೈಲಾಗು. "ಆ ಪೆಟ್ಟಿಗೆಯನ್ನು ಮುಟ್ಟಬೇಡ. ಅದರೊಳಗೆ ಮೃತ್ಯು ಕಾದು ಕುಳಿತಿದೆ."

ಅನಸೂಯಮ್ಮ ಬಿದ್ದು ಬಿದ್ದು ನಕ್ಕಳು. "ಯಾವ ಪಿಚ್ಚರ್‌ದೋ ಇದು? ರೀ, ನೋಡ್ರೀ ನಿಮ್ಮ ಬಾಮೈದನ್ನ. ಮುಖ ಎಲ್ಲಾ ಬಿಳಿಚ್ಕೊಂಡು, ಏನ್ ಆಕ್ಟಿಂಗ್ ಮಾಡ್ತಾನೆ."

"ಹಾಳಾದೋನು, ಕೆಲಸ ಒಂದ್ ಬಿಟ್ಟು ಎಲ್ಲಾ ಬರುತ್ತೆ" ಎಂದ ಅಶ್ವತ್ಥಪ್ಪ. ಅವನೂ ನಗುತ್ತಿದ್ದ.

"ಬಟ್ಟೆ ಕೊಡಕ್ಕ, ನಾನ್ ಒರೆಸ್ತೀನಿ."

"ನೀನ್ ಒರೆಸಿದ್ ಲೋಟದಲ್ಲಿ ನಾಯೀನೂ ನೀರು ಕುಡಿಯಲ್ಲ. ಹೋಗಪ್ಪ."

ಐದು. ಆರು. ಏಳು. ಬಟ್ಟೆಯನ್ನು ಹಿಂಡಿ ಮತ್ತೆ ನೀರಿಗೆ ಅದ್ದಿದಳು. ಎಂಟು. ಒಂಬತ್ತನೆಯದು ಮಡಿಲಿಗೆ ಬಂತು. ಆಗ ನೋಡಿ ಸ್ವಾಮಿ, ಕದಿರೇಶ ಹುಲಿಯಂತೆ ಅಂಗಳ ಹಾರಿ, ಅಕ್ಕನ ಕೈಯಿಂದ ಡಬ್ಬಿಯನ್ನು ಕಿತ್ತು, ಆಕಾಶಕ್ಕೆ ಎಸೆದು...

ಇಲ್ಲ. ಹಾಗೆ ನಡೆಯಲಿಲ್ಲ.

ಕದಿರೇಶ ಹಾರಲಿಲ್ಲ. ಕಂಬ ಹಿಡಿದ ಕೈಯನ್ನೇ ಬಿಡಲಿಲ್ಲ. "ಮೆಗ್ಗರ್ ತಿರುಗಿಸಿದ್ದು ನಾನು" ಎಂದು ಸಾದಾ ಮಾತಿನಲ್ಲಿ ಹೇಳಬಹುದಿತ್ತು, ನಾಲ್ಕನೆಯದಕ್ಕೇ ಹೇಳಬಹುದಿತ್ತು. ಹೇಳಿದರೆ ತಾಯಲೂರು ಬಸ್ಸು. ಅಕ್ಕನ ಬೆರಳು ಬೋಲ್ಟು ಮುಟ್ಟುವಾಗಲೆಲ್ಲ ಕಣ್ಣು ಮುಚ್ಚಿ, ಇದಾಗಿರಲಾರದು ಅಂದುಕೊಂಡ. ಐದು ಸಲ ಹಾಗೆ ಅಂದುಕೊಂಡ. ಆರನೆಯ ಸಲ, ಒಂಬತ್ತನೆಯ ಡಬ್ಬಿಗೆ, ಅಲ್ಲೇ ಕುಸಿದು ಕೂತ. ಚಡ್ಡಿ ಒದ್ದೆಯಾಗಿತ್ತು.

"ಅಕ್ಕ, ಬೇಡ. ಒಂದಕ್ಕೆ ನಾನು ಮೆಗ್ಗರ್ ಹಾಕಿದ್ದೀನಿ. ಯಾವುದು ಅಂತ ಗೊತ್ತಿಲ್ಲ."

ಯಾರೂ ನಗಲಿಲ್ಲ. ಅಶ್ವತ್ಥಪ್ಪ ಹೆಂಡತಿಯ ಕೈಯನ್ನು ಮೇಲಕ್ಕೆತ್ತಿಸಿ, ಡಬ್ಬಿಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ. ಬಿದಿರು ಕೋಲಿನ ತುದಿಗೆ ತಂತಿ ಬಿಗಿದು ತಂದ. ಒಂಬತ್ತನೆಯದು, ಏನಿಲ್ಲ. ಹತ್ತನೆಯದು, ಏನಿಲ್ಲ. ಹನ್ನೊಂದನೆಯದಕ್ಕೆ ತಂತಿ ತಾಗಿತೋ ಇಲ್ಲವೋ, ಗರ್ನಾಲು ಸಿಡಿದಂತೆ ಸದ್ದಾಗಿ ತಂತಿಯ ತುದಿ ಕರಗಿತು.

ಅಶ್ವತ್ಥಪ್ಪ ಕರಗಿದ ತುದಿಯನ್ನೇ ನೋಡುತ್ತ ನಿಂತ.

ಅನಸೂಯಮ್ಮ ಗೋಡೆಯ ಪಕ್ಕ ಸಾಲಾಗಿದ್ದ ಎಂಟು ಡಬ್ಬಿಗಳ ಕಡೆ ನೋಡಿದಳು. ಆಮೇಲೆ ತಮ್ಮನ ಕಡೆ.

"ನಿನಗೆ ಎಷ್ಟನೇದ್ರಿಂದ ಗೊತ್ತಿತ್ತೋ?"

"ಮೂರನೇದ್ರಿಂದ" ಎಂದ ಕದಿರೇಶ.