ಸೇನಾ ನ್ಯಾಯಾಲಯದ ಗೇಟಿನಲ್ಲಿ ಮನ್ನೂಬಿಯ

ಮನ್ನೂಬಿಯ ಮೂರನೆಯ ಸಲವೂ ಸೇನಾ ನ್ಯಾಯಾಲಯದ ಗೇಟಿನಿಂದಲೇ ವಾಪಸು ಬಂದಳು. ಬಸ್ಸಿನಲ್ಲಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಒಳಗೆ ಕಟಕಟೆಯಲ್ಲಿ ನಿಂತವನು ಅವಳ ಮಗ ಮುಲ್ದಿ. ಕಡ್ಡಾಯ ಸೇನಾಸೇವೆಗೆ ಹೋದ ಹುಡುಗ ಓಡಿಸುತ್ತಿದ್ದ ಲಾರಿ ಘಾಟಿಯಲ್ಲಿ ಉರುಳಿ ಇಬ್ಬರು ಸೈನಿಕರ ಕಾಲು ಮುರಿದಿತ್ತು. ಬ್ರೇಕು ಹಿಡಿಯಲಿಲ್ಲ ಎಂಬುದು ಅವನ ಮಾತು. ಕುಡಿದು ಓಡಿಸಿದನಂತೆ ಎಂದು ಊರು ಆಗಲೇ ತೀರ್ಪು ಕೊಟ್ಟಾಗಿತ್ತು.

“ಒಳಗೆ ಬಿಡೋಕೆ ಚೀಟಿ ಬೇಕಂತೆ. ಚೀಟಿ ಎಲ್ಲಿ ಕೊಡ್ತಾರೆ ಅಂದ್ರೆ, ಒಳಗಂತೆ. ಹಾಗಾದ್ರೆ ಒಳಗೆ ಬಿಡಪ್ಪ ಅಂದ್ರೆ, ಚೀಟಿ ಎಲ್ಲಿ ಅಂತಾನೆ ಆ ಕಾವಲಿನೋನು,” ಎನ್ನುತ್ತ ಮನ್ನೂಬಿಯ ಹಿಟ್ಟು ತಟ್ಟಿ ಮಣ್ಣಿನ ಒಲೆಯ ಒಳಗೋಡೆಗೆ ಬಡಿದಳು. ರೊಟ್ಟಿ ಮಾರುವುದೇ ಅವಳ ಕಸುಬು. ಅಂದು ಒಂದು ರೊಟ್ಟಿಯೂ ದುಂಡಗೆ ಬರಲಿಲ್ಲ.

ಅವಳ ಅಣ್ಣ ಬೆಷೀರ್ ನಿವೃತ್ತ ಹವಾಲ್ದಾರ. ಚಹಾ ಹೀರುತ್ತ ಗೊಣಗಿದ. “ನಾ ಮೊದ್ಲೇ ಹೇಳಿದ್ದೆ. ಸೇನೆ ಮಾತು ಸೇನೆ ಒಳಗೇ ಇರ್ಬೇಕು. ಅದೇನು ಮದುವೆ ಮನೇನಾ, ಕಂಡೋರೆಲ್ಲ ನುಗ್ಗೋಕೆ?”

“ಮಗ ಕುಡಿದಿದ್ದ ಅಂತ ಊರೆಲ್ಲ ಆಡ್ಕೊಳ್ತಿದೆಯಲ್ಲಣ್ಣ, ಅದು ಯಾರ ಒಳಗಿರ್ಬೇಕು?”

ರೊಟ್ಟಿಗೆ ಬಂದಿದ್ದ ಪಕ್ಕದ ಮನೆಯ ಫಾತಿನ್‌ಗೆ ಸುಮ್ಮನಿರಲಾಗಲಿಲ್ಲ. ಅವಳು ಊರ ರೇಡಿಯೋದ ವರದಿಗಾರ್ತಿ.

“ಮಾವ, ಸೇನಾ ನ್ಯಾಯಾಲಯನೂ ನ್ಯಾಯಾಲಯನೇ. ವಿಚಾರಣೆ ಎಲ್ಲರ ಎದುರಿಗೆ ನಡೀಬೇಕು. ಬಾಗಿಲು ಹಾಕ್ಬೇಕಾದ್ರೆ ನ್ಯಾಯಾಧೀಶರು ಆದೇಶ ಮಾಡ್ಬೇಕು, ಕಾರಣ ಹೇಳ್ಬೇಕು. ಗೇಟು ಕಾಯೋನು ಹಾಕೋಕಾಗಲ್ಲ.”

“ದೇಶದ ಗುಟ್ಟು ಹೊರಗೆ ಹೋದ್ರೆ?”

“ಗುಟ್ಟಿರೋ ಭಾಗಕ್ಕೆ ಮಾತ್ರ ಹಾಕ್ಲಿ. ಲಾರಿ ಬ್ರೇಕು ಯಾವ ದೇಶದ ಗುಟ್ಟು ಮಾವ?”

“ನೀನು ರೇಡಿಯೋದಲ್ಲಿ ಮನೆ ಮಾನ ಹರಾಜು ಹಾಕ್ತೀಯ.”

“ಅದು ಕಾಫಿ ಅಂಗಡೀಲಿ ದಿನಾ ಹರಾಜಾಗ್ತಿದೆ. ನಾನು ಕೋರ್ಟಲ್ಲಿ ಕೇಳಿದ್ದನ್ನ ಮಾತ್ರ ಹೇಳ್ತೀನಿ.”

ವಿಚಾರಣೆ ನೋಡಲು ಒಳಗೆ ಬಿಡಬೇಕೆಂದು ಫಾತಿನ್ ಅಲ್ಲೇ ಕೂತು ಅರ್ಜಿ ಬರೆದಳು. “ಚಿಕ್ಕಮ್ಮ, ಅರ್ಜಿ ತಲುಪಿದೆ ಅಂತ ಸೀಲು ಹಾಕಿಸ್ಕೊಳ್ಳದೆ ಅಲ್ಲಿಂದ ಕದಲಬೇಡಿ,” ಎಂದಳು. ಮರುದಿನ ನ್ಯಾಯಾಲಯಕ್ಕೆ ಹೋದ ಮನ್ನೂಬಿಯ ಸೀಲು ಬೀಳುವವರೆಗೂ ಕದಲಲಿಲ್ಲ. ಅರ್ಜಿ ತೆಗೆದುಕೊಳ್ಳುವ ಕಿಟಕಿ ಗೇಟಿನ ಹೊರಗೇ ಇತ್ತು. ಅಷ್ಟು ದಿನ ಯಾರೂ ತೋರಿಸಿರಲಿಲ್ಲ.

ಮುಂದಿನ ವಿಚಾರಣೆಗೆ ಮೂವರೂ ಹೋದರು. ಬೆಷೀರ್ ದಾರಿಯುದ್ದಕ್ಕೂ ಗೊಣಗಿದ. ಕಾವಲುಗಾರ ಎಂದಿನಂತೆ ಕೈ ಅಡ್ಡ ಹಿಡಿದ.

“ಬಾಗಿಲು ಹಾಕೋಕೆ ನ್ಯಾಯಾಧೀಶರ ಆದೇಶ ಇದ್ರೆ ತೋರಿಸಿ,” ಎಂದು ಮನ್ನೂಬಿಯ ಸೀಲು ಹಾಕಿದ ಅರ್ಜಿಯನ್ನು ಮುಂದೆ ಹಿಡಿದಳು.

ಅವನು ಒಳಗೆ ಹೋಗಿ ಬಂದು, ಮುಖ ನೋಡದೆ ಪಕ್ಕಕ್ಕೆ ಸರಿದ.

ಶಿಬಿರದ ನಕ್ಷೆಯ ಮಾತು ಬಂದಾಗ ನ್ಯಾಯಾಧೀಶರು ಕಾರಣ ಹೇಳಿ ಎಲ್ಲರನ್ನೂ ಹೊರಗೆ ಕಳಿಸಿದರು. ಇಪ್ಪತ್ತು ನಿಮಿಷಕ್ಕೆ ಮತ್ತೆ ಕರೆದರು. ಆಮೇಲೆ ಸೇನೆಯ ಮೆಕ್ಯಾನಿಕ್ಕೇ ಹೇಳಿದ: ಬ್ರೇಕು ಹಿಡಿಯುತ್ತಿಲ್ಲವೆಂದು ಮುಲ್ದಿ ಎರಡು ಸಲ ಬರೆದುಕೊಟ್ಟಿದ್ದ. ವೈದ್ಯರು ರಕ್ತಪರೀಕ್ಷೆಯ ವರದಿ ಓದಿದರು. ಮದ್ಯದ ಸುಳಿವೇ ಇರಲಿಲ್ಲ. ಬೆಷೀರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ತಂಗಿಯ ಕಡೆ ತಿರುಗದೆ ಕೂತ. ಅವನೂ ಆ ಗಾಳಿಮಾತನ್ನು ಅರ್ಧ ನಂಬಿದ್ದ.

ತಿಂಗಳ ನಂತರ ಮುಲ್ದಿ ನಿರ್ದೋಷಿ ಎಂದು ತೀರ್ಪಾಯಿತು. ಫಾತಿನ್ ರೇಡಿಯೋದಲ್ಲಿ ಹೇಳಿದಳು. ಊರು ಅಷ್ಟಕ್ಕೇ ಬಿಡುತ್ತದೆಯೇ? “ಸೇನೆಯೋರು ತಮ್ಮೋನೇ ಅಂತ ಬಿಟ್ಬಿಟ್ರು,” ಎಂದಿತು.

ಈಗ ರೇಗಿದವನು ಬೆಷೀರ್. ತೀರ್ಪಿನ ಪ್ರತಿ ಕೇಳಲು ತಾನೇ ಹೊರಟ. ಫೈಲು ಮೇಲಿದೆ ಎಂದರು. ಸಾಹೇಬರು ರಜೆ ಎಂದರು. ಸೋಮವಾರ ಬನ್ನಿ ಎಂದರು. ನಾಲ್ಕನೆಯ ಸಲ ಅವನು ಬೆಂಚಿನ ಮೇಲೆ ಕೂತೇಬಿಟ್ಟ. “ಇಪ್ಪತ್ತಾರು ವರ್ಷ ಕಾವಲು ನಿಂತೋನು ನಾನು. ಕೂರೋದೇನು ಕಷ್ಟ?” ಮಧ್ಯಾಹ್ನದ ಹೊತ್ತಿಗೆ ಪ್ರತಿ ಕೈಗೆ ಬಂತು.

ಮರುದಿನ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಕನ್ನಡಕ ಏರಿಸಿ, ರಕ್ತಪರೀಕ್ಷೆಯ ಪುಟವನ್ನು ಮೊದಲಿಂದ ಕೊನೆವರೆಗೆ ಗಟ್ಟಿಯಾಗಿ ಓದಿದ. ಯಾರೂ ಲೋಟ ಎತ್ತಲಿಲ್ಲ.

ಓದುವವರೇ, ನಿಮ್ಮ ಮನೆಯ ಮಗನೋ ಮಗಳೋ ಸೇನಾ ನ್ಯಾಯಾಲಯದ ಮುಂದೆ ನಿಂತರೆ ಗೇಟಿನಿಂದ ಹಿಂತಿರುಗಬೇಡಿ. ಆದೇಶ ಕೇಳಿ, ಅರ್ಜಿ ಕೊಡಿ, ಸೀಲು ಹಾಕಿಸಿಕೊಳ್ಳಿ. ಪತ್ರಕರ್ತರನ್ನು ಜೊತೆಗೆ ಕರೆದೊಯ್ಯಿರಿ. ತೀರ್ಪಿನ ಪ್ರತಿ ಪಡೆಯಿರಿ. ಕೋಪ ಬರುತ್ತದೆ, ಬರಲಿ. ಆದರೆ ಕೋಪಿಸಿಕೊಂಡು ಮನೆಗೆ ಬರಬೇಡಿ, ಒಳಗೆ ಹೋಗಿ ಕೂತುಕೊಳ್ಳಿ.