ನಡುಹೊಳೆಯಲ್ಲಿ ಮೆತ್ತೆ ಇಳಿಸಿದವನು

ಯತ್ತಪ್ಪ ಕುರಿ ಕಾಯುವ ಗೊಲ್ಲರ ಹಟ್ಟಿಯವನು. ಮೂವತ್ತು ವರ್ಷ ತುಂಬುವವರೆಗೆ ಮೊಣಕಾಲು ಮುಳುಗುವ ನೀರಿಗೆ ಇಳಿದವನಲ್ಲ. ಅಂಥವನು ಕೊರಟಗೆರೆ ಆಚೆ ಜಯಮಂಗಲಿ ಹೊಳೆಯಲ್ಲಿ ಹರಿಗೋಲು ನಡೆಸುತ್ತೇನೆಂದು ನಿಂತಾಗ ಎರಡೂ ದಡದ ಜನ ನಕ್ಕರು. ಅಂಬಿಗರ ಚಿಕ್ಕಹನುಮಯ್ಯ ಮಾತ್ರ ನಗಲಿಲ್ಲ. ಅವನಿಗೆ ಕಾರಣ ಗೊತ್ತಿತ್ತು.

ಯತ್ತಪ್ಪನ ತಂಗಿ ಜುಂಜಮ್ಮನನ್ನು ಹೊಳೆಯಾಚೆಯ ಹಟ್ಟಿಗೆ ಕೊಟ್ಟಿತ್ತು. ಅವರ ಮನೆಯ ಒಲೆಯ ಹೊಗೆ ಈಚೆ ದಿಬ್ಬಕ್ಕೆ ಕಾಣುತ್ತಿತ್ತು, ಅಷ್ಟು ಹತ್ತಿರ. ಆದರೆ ಭಾದ್ರಪದದ ಒಂದು ಮಳೆಯಲ್ಲಿ ಅಣ್ಣತಂಗಿಯ ಅಪ್ಪ ತೀರಿಕೊಂಡಾಗ ಹೊಳೆ ದಡ ಮೀರಿ ಹರಿಯುತ್ತಿತ್ತು. ಚಿಕ್ಕಹನುಮಯ್ಯ ಎರಡು ದಿನ ಹರಿಗೋಲು ನೀರಿಗೆ ಇಳಿಸಲಿಲ್ಲ. ಯತ್ತಪ್ಪ ದಡದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ. ನೀರಿನ ಸದ್ದಿಗೆ ಆ ಕೂಗು ಅರ್ಧ ಹೊಳೆಯನ್ನೂ ದಾಟಲಿಲ್ಲ. ಮೂರನೆಯ ದಿನ ಹಟ್ಟಿಯ ಹಿರಿಯರು ಇನ್ನು ಇಡುವಂತಿಲ್ಲ ಎಂದರು. ಮಣ್ಣು ಮಾಡಿದರು.

ಐದನೆಯ ದಿನ ನೀರು ಇಳಿದು ಬೀಗರು ಬಂದಾಗ ಜುಂಜಮ್ಮನಿಗೆ ಕಂಡದ್ದು ಹಸಿ ಮಣ್ಣಿನ ಗುಡ್ಡೆ. ಅವಳ ಅತ್ತೆ ಕೆಂಚಮ್ಮ ಅಲ್ಲೇ ಸೆರಗು ಬಿಗಿದು ನಿಂತಳು.

“ಮಗಳು ಮಕ ನೋಡಾಗಂಟ ಕಾಯಾಕೆ ಆಗ್ಲಿಲ್ವೇನ್ಲಾ ನಿಮ್ಗೆ? ನಾವು ಬೀಗರಲ್ವಾ? ಜುಂಜಪ್ಪನ ಆಣೆ, ಇವ್ಳು ಇನ್ನು ನಿಮ್ಮ ಹೊಸ್ತಿಲು ತುಳಿಯಂಗಿಲ್ಲ. ನಿಮ್ಮ ಬಂಡಿ ಹತ್ತಂಗಿಲ್ಲ. ದಾರೀಲಿ ನಿಂತು ಮಾತಾಡಂಗೂ ಇಲ್ಲ.”

ದೇವರ ಆಣೆ. ಅದನ್ನು ಇಟ್ಟವರೇ ತೆಗೆಯಬೇಕು, ಬೇರೆಯವರ ಕೈಲಾಗದು. ಜುಂಜಮ್ಮ ಹೋಗುವಾಗ ಅಣ್ಣನ ಕಡೆ ನೋಡಿದ ನೋಟ ಯತ್ತಪ್ಪನ ಎದೆಯಲ್ಲಿ ಮುಳ್ಳಾಗಿ ನಿಂತಿತು.

ಆ ವರ್ಷವೇ ಅವನು ಚಿಕ್ಕಹನುಮಯ್ಯನ ಬಳಿ ಹುಟ್ಟು ಹಾಕುವುದನ್ನು ಕಲಿಯಲು ಹೋದ. ಮುದುಕನ ಹತ್ತಿರ ಎರಡು ಹರಿಗೋಲುಗಳಿದ್ದವು. ಬಿದಿರು ಹೆಣೆದು ಚರ್ಮ ಹೊದಿಸಿದ ದೊಡ್ಡ ಬುಟ್ಟಿಗಳು ಅವು. ಮುದುಕ ಆಚೆ ದಡದಿಂದ ಹೊರಟಾಗ ಇನ್ನೊಂದು ಈಚೆಯಿಂದ ಹೊರಡಬೇಕು. ಯಾರೂ ಕಾಯಬಾರದು ಎಂಬುದು ಕಟ್ಟಳೆ. ಜುಂಜಮ್ಮ ಬೆಣ್ಣೆ ಮಾರಲು ಅತ್ತೆಯ ಜೊತೆ ಕೊರಟಗೆರೆ ಸಂತೆಗೆ ಬರುವುದು ಮುದುಕನ ಹರಿಗೋಲಿನಲ್ಲಿ. ಅಂದರೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ನಡುಹೊಳೆಯಲ್ಲಿ ಅವಳು ಅಣ್ಣನ ಪಕ್ಕದಲ್ಲೇ ಹಾದುಹೋಗಬೇಕು. ಯತ್ತಪ್ಪನಿಗೆ ಬೇಕಾದದ್ದು ಅಷ್ಟೇ.

ಮುದುಕ ಕೈಗೆ ಹುಟ್ಟು ಕೊಡುವ ಮೊದಲು ಹೊಳೆಯ ಮರ್ಯಾದೆ ಕಲಿಸಿದ.

“ತುಂಬಿದ ಹರಿಗೋಲಿಗೆ ಖಾಲೀದು ದಾರಿ ಬುಡಬೇಕು. ಸೆಳವಿನ ಜೊತೆ ಬರೋನ ಕೈಲಿ ಏನೂ ಇರಾಕಿಲ್ಲ, ಎದುರು ಹೋಗೋನೇ ಸರೀಬೇಕು. ಬಟ್ಟೆ ಒಗೆಯೋರ ಹತ್ರ ನೀರು ಎಬ್ಬಿಸ್ಬಾರ್ದು. ಇನ್ನು ಈ ಮೆತ್ತೆ...”

ಮೆತ್ತೆಯೆಂದರೆ ಹುಲ್ಲನ್ನು ತೊಡೆಗಾತ್ರ ಸುತ್ತಿ, ಮೇಲೆ ಹಳೆ ಕಂಬಳಿ ಹೊದಿಸಿ, ಕತ್ತಾಳೆ ಹಗ್ಗದಲ್ಲಿ ಬಿಗಿದದ್ದು. ಅದನ್ನು ಅಂಚಿನಿಂದ ಹೊರಗೆ ಇಳಿಬಿಟ್ಟರೆ ದಡದ ಕಲ್ಲಿಗೆ ತಾಗಿ ಚರ್ಮ ಹರಿಯುವುದಿಲ್ಲ.

“ದಡ ಮುಟ್ಟೋವಾಗ ಇಳಿಸು. ದಡ ಬುಟ್ಟ ತಕ್ಷಣ ಒಳಗೆ ಎಳ್ಕೋ. ನಡುಹೊಳೇಲಿ ಮೆತ್ತೆ ಇಳೇ ಬುಟ್ಕೊಂಡು ಹೋಗೋನು ಹೆಂಗೆ ಗೊತ್ತಾ? ಊರೊಳಗೆ ಪಂಚೆ ಬಿಚ್ಕೊಂಡು ತಿರುಗೋನಂಗೆ ಕಣ್ಲಾ. ಒಂದಕ್ಕೊಂದು ತಾಗೋದಂತೂ ಆಗ್ಲೇಬಾರ್ದು.”

ಯತ್ತಪ್ಪ ಎಲ್ಲವನ್ನೂ ಕಲಿತ. ಎಲ್ಲವನ್ನೂ ಪಾಲಿಸಿದ. ಒಂದನ್ನು ಬಿಟ್ಟು.

ಮೊದಲ ಸಂತೆಯ ದಿನ ಮುದುಕನ ಹರಿಗೋಲು ಎದುರಾದಾಗ ಯತ್ತಪ್ಪ ಮೆತ್ತೆಯನ್ನು ಹೊರಗೆ ಇಳಿಸಿ, ಹುಟ್ಟನ್ನು ತುಸು ತಿರುಗಿಸಿದ. ಹರಿಗೋಲು ಗಿರ್ರನೆ ತಿರುಗಿ ಬಂದು ಮೆತ್ತಗೆ ತಾಗಿತು. ಮೂರು ಉಸಿರಿನಷ್ಟು ಹೊತ್ತು ತಂಗಿ ಕೈಯಳತೆಯಲ್ಲಿದ್ದಳು.

“ಹೆಂಗಿದ್ದೀಯವ್ವಾ?”

“ಅವ್ವ ಹೆಂಗವ್ಳೆ?” ಎಂದಳು ಜುಂಜಮ್ಮ. ಅಷ್ಟರಲ್ಲಿ ಸೆಳವು ಇಬ್ಬರನ್ನೂ ಬೇರೆ ಮಾಡಿತು.

“ಹರಿಗೋಲೂ ಬಂಡೀನೇ, ಹೊಳೇನೂ ದಾರೀನೇ!” ಎಂದು ಕೆಂಚಮ್ಮ ಸಿಡಿದಳು. ಮುದುಕ ನೀರನ್ನೇ ನೋಡುತ್ತ, “ಕಲಿಯೋ ಕೈ ಕಣಮ್ಮ, ತಾಗ್ತದೆ” ಎಂದ. 

ಹಾಗೆ ಎರಡು ಮಳೆಗಾಲ ಕಳೆದವು. ಕಲಿಯುವ ಕೈ ಕಲಿಯಲೇ ಇಲ್ಲ. ಜನ ಅವನಿಗೆ ಮೆತ್ತೆ ಯತ್ತಪ್ಪ ಎಂದು ಹೆಸರಿಟ್ಟರು. ಅವನಿಗೆ ನಾಚಿಕೆಯಾಗಲಿಲ್ಲ. ಅವಳು ಸಂತೆಗೆ ಹೋಗುವಾಗ “ಕರಿ ಮೇಕೆ ಈದದೆ” ಎಂದು ಹೇಳಿದರೆ, ಬರುವಾಗ “ಎಷ್ಟು ಮರಿ?” ಎಂದು ಅವಳು ಕೇಳುವಳು, ಉತ್ತರ ಮುಂದಿನ ಸಂತೆಗೆ. ಒಂದು ಮಾತು ಮುಗಿಯಲು ಒಂದು ವಾರ ಬೇಕಾಗುತ್ತಿತ್ತು. ಅವಳಿಗೆ ಹೆಣ್ಣು ಮಗು ಹುಟ್ಟಿತು. ಎತ್ತಿ ತೋರಿಸಿದಳು, ಕಣ್ಣು ಯಾರದ್ದೆಂದು ನೋಡುವಷ್ಟರಲ್ಲಿ ಹರಿಗೋಲು ತಿರುಗಿಬಿಟ್ಟಿತು.

ಸಂಕ್ರಾಂತಿ ಕಳೆದರೆ ಹೊಳೆ ಬರೀ ಮರಳು. ಹರಿಗೋಲನ್ನು ಬೋರಲು ಹಾಕಿ ಯತ್ತಪ್ಪ ಕುರಿ ಹೊಡೆದುಕೊಂಡು ಪಾವಗಡದ ಕಡೆ ಮೇವಿಗೆ ಹೋಗುವನು. ಅಲ್ಲಿಯ ತೆಲುಗು ಮಾತಿನ ಕುರಿಯವರು ಮೇವಿಗಾಗಿ ಮಳೆ ಬೇಡಿದರೆ ಇವನು ಹೊಳೆಗಾಗಿ ಬೇಡುತ್ತಿದ್ದ. ಸುಡುವ ಬಂಡೆಯ ಮೇಲೆ ಕೂತು, ಹೊಳೆ ಹುಟ್ಟುವ ದೇವರಾಯನದುರ್ಗದ ದಿಕ್ಕಿನಲ್ಲಿ ಮೋಡ ಹುಡುಕುವನು. ಮರಳ ಮೇಲೆ ನಡೆದು ಯಾರು ಬೇಕಾದರೂ ದಾಟಬಹುದಾದ ಆ ತಿಂಗಳುಗಳಲ್ಲೇ ತಂಗಿ ಎಲ್ಲಕ್ಕಿಂತ ದೂರವಿದ್ದಳು.

ಮೂರನೆಯ ವರ್ಷ ಹಸ್ತ ಮಳೆ ಜೋರಾಗಿ ಹಿಡಿಯಿತು. ಸಂತೆಯ ದಿನ ಬೆಳಿಗ್ಗೆ ನೀರು ಕೆಂಪಗಿತ್ತು, ಆದರೆ ದಾಟಬಹುದು ಎಂದು ಮುದುಕ ಹೊರಟ. ಯತ್ತಪ್ಪ ಈಚೆಯಿಂದ ಖಾಲಿ ಹರಿಗೋಲು ತಂದ. ಎರಡರ ನಡುವೆ ಇನ್ನು ಹತ್ತು ಮಾರು ಇದೆ ಎನ್ನುವಾಗ ಮುದುಕನ ಹರಿಗೋಲು ನೀರೊಳಗಿನ ಈಚಲ ಬೊಡ್ಡೆಗೆ ಬಡಿಯಿತು. ಬಿದಿರು ಲಟಕ್ಕೆಂದಿತು. ಚರ್ಮ ಸೀಳಿ ನೀರು ನುಗ್ಗಿತು. ಒಳಗೆ ಆರು ಜನ, ಒಂದು ಮಗು.

“ಯತ್ತಪ್ಪಾ, ಮೆತ್ತೆ!” ಎಂದು ಮುದುಕ ಕೂಗಿದ.

ಯತ್ತಪ್ಪ ತನ್ನ ಹರಿಗೋಲಿನಲ್ಲಿದ್ದ ಎರಡೂ ಮೆತ್ತೆಗಳನ್ನು ಒಂದೇ ಪಕ್ಕಕ್ಕೆ ಇಳಿಬಿಟ್ಟು ಬಂದು ತಾಗಿದ. ಮುರಿದ ಬಿದಿರಿನ ಮೊನೆಗಳು ಕಂಬಳಿಗೆ ಚುಚ್ಚಿಕೊಂಡವು, ಅವನ ಹರಿಗೋಲಿನ ಚರ್ಮಕ್ಕೆ ತಾಗಲಿಲ್ಲ. ಹಗ್ಗ ಬಿಗಿದ. ಎರಡೂ ಅಂಟಿಕೊಂಡೇ ಸೆಳವಿಗೆ ಸಿಕ್ಕಿ ಸಾಗಿದವು. ಮೊದಲು ಹತ್ತಿದವಳು ಕೆಂಚಮ್ಮ. ಯಾರನ್ನೂ ಕೇಳಲಿಲ್ಲ, ಯತ್ತಪ್ಪನ ಭುಜ ಹಿಡಿದು ಈಚೆ ಉರುಳಿಕೊಂಡಳು. ಆಮೇಲೆ ಸಂತೆಯ ಮೂವರು. ಜುಂಜಮ್ಮ ಮಗುವನ್ನು ಅಣ್ಣನ ಕೈಗೆ ಕೊಟ್ಟಳು. ತಾನು ಹತ್ತಲಿಲ್ಲ. ತೊಡೆಯವರೆಗೆ ನೀರಲ್ಲಿ ನಿಂತು, ತಂಬಿಗೆಯಿಂದ ನೀರು ಎತ್ತಿ ಹಾಕತೊಡಗಿದಳು.

“ಬಾರವ್ವಾ!” ಎಂದ ಯತ್ತಪ್ಪ.

“ಜುಂಜಪ್ಪನ ಆಣೆ ಐತಣ್ಣ. ಇಷ್ಟು ದಿನ ತೇಲ್ತಾ ಮಾತಾಡಿದ್ವಿ, ನಿಂತಲ್ಲ; ಹತ್ತಿದ್ರೆ ಬಂಡಿ ಹತ್ತಿದಂಗೇ. ನಾನೊಬ್ಬಳಾದ್ರೆ ಹತ್ತುತಿದ್ದೆ. ಆಣೆ ಮುರಿದ್ರೆ ಮಗೀಗೆ ತಟ್ತದೆ.”

“ಹತ್ತೇ ಲೇ!” ಎಂದು ಕೆಂಚಮ್ಮ ಕಿರುಚಿದಳು.

“ನೀನಿಟ್ಟಿದ್ದು ಅತ್ತೆ. ನೀನೇ ತೆಗಿ.”

ಯತ್ತಪ್ಪನ ಕೈಯಲ್ಲಿ ಮಗು ಬಿಸಿಯಾಗಿತ್ತು, ಒದೆಯುತ್ತಿತ್ತು. ಅವನು ಕೆಂಚಮ್ಮನನ್ನೇ ನೋಡಿದ. ಮೂರು ವರ್ಷ ಅವಳನ್ನು ದ್ವೇಷಿಸಿದ್ದ. ಈಗ ಅವಳ ತುಟಿ ನಡುಗುವುದನ್ನು ಕಂಡು ದ್ವೇಷವೂ ಮರೆತುಹೋಯಿತು. “ಅತ್ತೇ, ನಿನ್ನ ಕಾಲಿಗೆ ಬೀಳ್ತೀನಿ” ಎಂದ. ಕೆಂಚಮ್ಮ ಬೊಗಸೆಯಲ್ಲಿ ಹೊಳೆಯ ನೀರು ಎತ್ತಿ ಚೆಲ್ಲಿದಳು.

“ಹರಿಗೋಲಿನ ಆಣೆ ಬುಟ್ಟೆ! ಮಾತಿನ ಆಣೇನೂ ಬುಟ್ಟೆ! ಜುಂಜಪ್ಪ, ತಪ್ಪಾಯ್ತು!”

ಜುಂಜಮ್ಮ ಹತ್ತಿದಳು. ಮುದುಕ ಕೊನೆಗೆ ಬಂದು ಹಗ್ಗ ಕೊಯ್ದ. ಒಡೆದ ಹರಿಗೋಲು ಒಂದು ಸುತ್ತು ತಿರುಗಿ ಕೆಂಪು ನೀರಿನಲ್ಲಿ ಇಲ್ಲವಾಯಿತು. ತೂಕಕ್ಕೆ ಅಂಚಿನವರೆಗೆ ಮುಳುಗಿದ ಯತ್ತಪ್ಪನ ಹರಿಗೋಲು ಅರ್ಧ ಹರದಾರಿ ಕೆಳಗೆ, ಈಚೆ ದಡ ಸೇರಿತು. ಅಣ್ಣತಂಗಿ ಅಷ್ಟು ಹೊತ್ತು ಒಟ್ಟಿಗಿದ್ದದ್ದು ಅಪ್ಪ ಸತ್ತ ಮೇಲೆ ಅದೇ ಮೊದಲು. 

ದಡದಲ್ಲಿ ಒದ್ದೆ ಸೀರೆ ಹಿಂಡುತ್ತ ಕೆಂಚಮ್ಮ ಮೆಲ್ಲಗೆ ಹೇಳಿದಳು: “ಹೊಸ್ತಿಲಿನ ಆಣೆ ಇನ್ನೂ ಐತೆ. ಅದನ್ನ ನಾನು ತೆಗ್ದಿಲ್ಲ.”

 ಉಳಿದದ್ದು ಒಂದೇ ಹರಿಗೋಲು, ಅದು ಯತ್ತಪ್ಪ ನಡೆಸುವುದು. ಮುಂದಿನ ಸಂತೆಯಿಂದ ಜುಂಜಮ್ಮ ಅದರಲ್ಲೇ ಬಂದಳು. ಯತ್ತಪ್ಪ ದಡ ಬಿಟ್ಟ ಕೂಡಲೇ ಮೆತ್ತೆ ಒಳಗೆ ಎಳೆದುಕೊಳ್ಳತೊಡಗಿದ್ದನ್ನು ಜನ ನೋಡಿದರು. ದಾಟಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಿತ್ತು. 

ಒಂದು ದಿನ ಜುಂಜಮ್ಮ ಕೇಳಿದಳು: “ಅಣ್ಣ, ಅವ್ವ ಈಗ್ಲೂ ಬಾಗಿಲಿಗೆ ತಲೆ ಕೊಟ್ಟೇ ಮಲಗ್ತಾಳಾ?”

“ಹೂಂ. ಗಾಳಿ ಬೇಕು ಅಂತಾಳೆ.”

“ಗಾಳಿಗಲ್ಲ ಬುಡು, ನನ್ನ ಹೆಜ್ಜೆ ಸದ್ದಿಗೆ,” ಎಂದಳು.

ಹರಿಗೋಲು ದಡ ಮುಟ್ಟಿತು. ಕೆಂಚಮ್ಮ ಇಳಿದು ಬೆಣ್ಣೆಯ ಮಡಕೆ ಎತ್ತಿಕೊಂಡಳು. ಅಲ್ಲಿಂದ ಎರಡು ದಾರಿ. ಒಂದು ಕೊರಟಗೆರೆಗೆ, ಇನ್ನೊಂದು ಲಂಟಾನದ ನಡುವೆ ತವರಿನ ಹಟ್ಟಿಗೆ. ಜುಂಜಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು ಆ ಎರಡನೆಯ ದಾರಿಯನ್ನು ಕಣ್ಣು ತುಂಬ ನೋಡಿದಳು. ಆಮೇಲೆ ಅತ್ತೆಯ ಹಿಂದೆ ಸಂತೆಯ ಕಡೆ ನಡೆದಳು. ಯತ್ತಪ್ಪ ಹುಟ್ಟು ಹಿಡಿದು ನಿಂತೇ ಇದ್ದ. ಆಚೆ ದಡದಿಂದ ಯಾರೋ ಕೂಗುತ್ತಿದ್ದರು.