ಕಾಶೆವ್ವ ಏರಿದ ವಿಮಾನ

"ಆ ಗಂಟು ಬಿಚ್ಚಿ ಮತ್ತ ಬಿಗೀರಿ. ಅಕ್ಕ ಒಂದ ಕಡಿ ವಾಲಬಾರದು," ಎನ್ನುತ್ತ ರಾಚಪ್ಪ ಬಿದಿರಿನ ಚೌಕಟ್ಟನ್ನು ಎರಡೂ ಕೈಯಿಂದ ಅಲುಗಾಡಿಸಿ ನೋಡಿದ. ಮೇಲವಂಕಿಯ ಆ ಅಂಗಳದಲ್ಲಿ, ತೀರಿಕೊಂಡ ಕಾಶೆವ್ವನನ್ನು ಕೂರಿಸಿ ಮಣ್ಣಿಗೆ ಒಯ್ಯಲು ಮಂಟಪದಂಥ ವಿಮಾನ ಕಟ್ಟುತ್ತಿದ್ದರು. ಒಳಗೆ ಗೋಡೆಗೆ ಆನಿಸಿ ಕೂರಿಸಿದ್ದ ಅವಳ ಹಣೆಗೆ ಮಗಳು ಸುಂದ್ರವ್ವ ವಿಭೂತಿ ಹಚ್ಚುತ್ತಿದ್ದಳು.

ನೆರೆಮನೆಯ ಕೆಂಚಪ್ಪ ಬಾಳೆಕಂಬ ಹಿಡಿದು ನಿಂತಿದ್ದ. "ರಾಚಪ್ಪಾ, ಎಲ್ಲಾರೂ ಸತ್ತ ಮ್ಯಾಲ ವಿಮಾನ ಏರತಾರ. ಜೀವಂತ ಇದ್ದಾಗ ಏರಿ ಬಂದಾಕಿ ನಿಮ್ಮಕ್ಕ ಒಬ್ಬಾಕಿನ."

"ನಾ ಬ್ಯಾಡಂದಿದ್ದೆ," ಎಂದ ರಾಚಪ್ಪ, ಹಗ್ಗದಿಂದ ಕಣ್ಣು ತೆಗೆಯದೆ.

*

ಅದು ಮೂವತ್ಮೂರನೆಯ ಇಸವಿ, ಸುಗ್ಗಿ ಮುಗಿದ ಕಾಲ. ಮುಂಬೈಯ ಯಾವನೋ ಸಾವುಕಾರನ ಖಾಸಗಿ ವಿಮಾನ, ಎರಡೇ ಆಸನದ್ದು, ತಲೆಯ ಮೇಲೆ ಮುಚ್ಚಿಗೆ ಇಲ್ಲದ್ದು, ಇಂಜಿನ್ ಕೆಟ್ಟು ಕಾಶೆವ್ವನ ಜೋಳದ ಹೊಲದಲ್ಲಿ ಇಳಿದುಬಿಟ್ಟಿತು. ನಡೆಸುತ್ತಿದ್ದವನು ಮರಾಠಿ ಮಾತಾಡುವ ತರುಣ. ಇಂಜಿನ್ನಿನ ಭಾಗಗಳನ್ನೆಲ್ಲ ಕಂಬಳಿಯ ಮೇಲೆ ಹರವಿಕೊಂಡು ರಿಪೇರಿಗೆ ಕೂತ. ಕಾಶೆವ್ವ ಹೊತ್ತು ಹೊತ್ತಿಗೆ ರೊಟ್ಟಿ, ಝುಣಕ ಒಯ್ದು ಕೊಟ್ಟಳು. ಕೊನೆಗೊಂದು ಬೆಳಿಗ್ಗೆ ಇಂಜಿನ್ ಗುರುಗುಟ್ಟಿತು. ಒಂದು ಸುತ್ತು ಹಾಕಿ ನೋಡುತ್ತೇನೆ, ಯಾರಾದರೂ ಬರುತ್ತೀರಾ ಎಂದು ಅವನು ಕೇಳಿದ. ಕಂಬಳಿಯ ಮೇಲೆ ಬಿಡಿಬಿಡಿಯಾಗಿ ಬಿದ್ದಿದ್ದನ್ನು ಕಂಡಿದ್ದ ಗಂಡಸರೆಲ್ಲ ಹಿಂದೆ ಸರಿದರು.

"ನಾ ಬರತೇನಿ," ಎಂದಳು ಕಾಶೆವ್ವ.

"ಯಕ್ಕಾ, ಹುಚ್ಚ ಹಿಡದೈತೇನ? ಒಮ್ಮಿ ಕೆಟ್ಟದ್ದು ಮತ್ತ ಕೆಡೂದಿಲ್ಲಂತ ಏನ ಖಾತ್ರಿ?" ರಾಚಪ್ಪ ಅವಳ ಮುಂದೆ ಅಡ್ಡ ನಿಂತ.

"ನಮ್ಮ ಮನಿಯವರು ಚಕ್ಕಡಿ ಉರುಳಿ ಸತ್ರು. ಆಮ್ಯಾಲೆ ಊರಾಗ ಯಾರರ ಚಕ್ಕಡಿ ಹೂಡೂದು ಬಿಟ್ಟಾರೇನು?"

ಅವಳು ಕಚ್ಚೆ ಬಿಗಿದು ಹತ್ತಿ ಕೂತಳು. ವಿಮಾನ ಬನ್ನಿಮರದ ತುದಿ ಸವರಿದಂತೆ ಎದ್ದು, ಊರ ಮೇಲೆ ದೊಡ್ಡ ಸುತ್ತು ಹಾಕಿತು. ಆಮೇಲೆ ಒಮ್ಮೆಲೇ ಸದ್ದು ನಿಂತಿತು. ಕಲ್ಲೋಳಿಯ ದಿಕ್ಕಿಗೆ ಸುಮ್ಮನೆ ತೇಲುತ್ತ ಹೋಗಿ ಮರೆಯಾಯಿತು. ರಾಚಪ್ಪ ಅಳುತ್ತ ಹೊಲ ಹೊಲ ಹಾಯ್ದು ಓಡಿದ.

ಬೀಳು ನೆಲವೊಂದರಲ್ಲಿ ಗಾಲಿ ಮುರಿದುಕೊಂಡು ವಿಮಾನ ಕೂತಿತ್ತು. ಕಾಶೆವ್ವ ತರುಣನಿಗೆ ನೀರು ಕುಡಿಸುತ್ತಿದ್ದಳು. ಆದರೆ ತಿರುಗಿ ಬರುವಾಗ ಚಕ್ಕಡಿಯಲ್ಲಿ ತಮ್ಮನ ತೋಳನ್ನು ಹಿಡಿದವಳು ಊರು ಬರುವ ತನಕ ಬಿಡಲಿಲ್ಲ.

*

ಹೊಲದಲ್ಲಿ ಗಂಡನ ಸಮಾಧಿಯ ಪಕ್ಕಕ್ಕೇ ಕುಣಿ ತೋಡಿದ್ದರು. ರಾಚಪ್ಪ ಒಳಗಿಳಿದು ಅಕ್ಕನನ್ನು ಕೂರಿಸಿದ. ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ಅವಳ ಎಡಗೈಯಲ್ಲಿ ಲಿಂಗವನ್ನಿಟ್ಟರು.

"ಮಾಮಾ," ಸುಂದ್ರವ್ವ ಕುಣಿಯ ಅಂಚಿನಲ್ಲಿ ಕುಕ್ಕರಿಸಿದಳು. "ಮ್ಯಾಲ ಏನ ಕಂಡ್ಲಂತ ಅವ್ವ ನಿಮಗ ಹೇಳಿದ್ಲೇನ್ರಿ?"

"ಇಲ್ಲವಾ. ಕೇಳಿದಾಗೆಲ್ಲಾ ನಕ್ಕು ಸುಮ್ಮನಾಗತಿದ್ಲು."

"ನನ್ನ ಬಾಣಂತನದಾಗ ಹೇಳಿದ್ಲು. ಅಪ್ಪನ ಸಮಾಧಿ ಕಂಡಿತಂತ, ಗಡಿಗಿ ಮುಚ್ಚಳದಷ್ಟ. ಗಾಳಿಗೆ ಸೆರಗು ಹಾರಾಕತ್ತಿತ್ತಂತ. ಅಪ್ಪನ ಮುಂದ ಬರೇ ತಲೀಲೆ ಹೆಂಗ ಇರೂದಂತ ಹಿಡಕೊಂಡಿದ್ದ ಕೈ ಎರಡೂ ಬಿಟ್ಟು ತಲಿ ತುಂಬ ಸೆರಗು ಹೊತ್ಕೊಂಡ್ಳಂತ. ಇಂಜಿನ್ ನಿಂತದ್ದು ಆಕಿಗೆ ಗೊತ್ತ ಆಗಲಿಲ್ಲಂತ."

ರಾಚಪ್ಪ ಹೊತ್ತು ತರುವಾಗ ಜಾರಿ ಭುಜಕ್ಕೆ ಬಿದ್ದಿದ್ದ ಸೆರಗನ್ನು ಎತ್ತಿ, ಅಕ್ಕನ ಹಣೆಯ ತನಕ ಎಳೆದು ಹೊದಿಸಿದ. ಮೇಲಿನಿಂದ ಯಾರೋ ಮೊದಲ ಹಿಡಿ ಬಿಲ್ವಪತ್ರೆ ಸುರಿದರು.